ಕಿವಿಯಿಲ್ಲದ ಆನೆ

ಕಾನ್ವೆಂಟಿನ ಬೂದು ಸ್ವೆಟರು, ಮೂರು.
ಮೊಣಕೈ ಸವೆದವು, ಯಾರದೋ ಮಕ್ಕಳವು.
ಬಿಚ್ಚಿ, ಲಡಿ ಸುತ್ತಿ, ಅಂಟುವಾಳದ ನೀರಲ್ಲಿ ನೆನೆಸಿ,
ತುದಿಗೆ ತೂಕದ ಕಲ್ಲು ಕಟ್ಟಿ ಒಣಹಾಕಿದರೂ
ದಾರ ತನ್ನ ಹಳೆಯ ಸುರುಳಿಯನ್ನು ಮರೆಯುವುದಿಲ್ಲ.

ಮೊದಲು ಒಂದು ಉಂಗುರ, ಉಂಗುರದೊಳಗೆ ಆರು ಕುಣಿಕೆ,
ಆಮೇಲೆ ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು.
ಎಣಿಕೆ ತಪ್ಪಿದರೆ ತಲೆ ಸೊಟ್ಟ.
ಅಮ್ಮತ್ತಿ ಪೇಟೆಯ ನನ್ನ ಹೊಲಿಗೆ ಅಂಗಡಿಯಲ್ಲಿ
ರವಿಕೆಗೆ ಬಂದವರು ಕಾದು ಕಾದು
"ದೇಚವ್ವಾ, ನನ್ನ ತೋಳು ಯಾವಾಗ?" ಎಂದರೆ
"ಇರು, ಸೊಂಡಿಲು ಮುಗಿಯಲಿ" ಎನ್ನುತ್ತಿದ್ದೆ.

ಹೊಟ್ಟೆಗೆ ಬೂರುಗದ ಹತ್ತಿ.
ಕಣ್ಣಿಗೆ ಮಣಿ ಬೇಡ, ಚಿಕ್ಕವು ನುಂಗುತ್ತವೆ;
ಕರಿ ನೂಲಿನ ಎರಡು ಗಂಟು ಸಾಕು.
ಕಿವಿಗೇ ಹೆಚ್ಚು ಹೊತ್ತು. ಅಗಲವಾಗಬೇಕು, ಜೋಲಬಾರದು.
ಒಂದು ಜೊತೆಗೆ ಒಂದು ಸಂಜೆ.
ಹನ್ನೆರಡು ಆನೆ, ಹನ್ನೆರಡು ಸಂಜೆ.

ತೋಟದ ಲೈನಿನ ಅಂಗನವಾಡಿ.
ಟೀಚರು ಶೀಜಾ ಸಾಲು ನಿಲ್ಲಿಸಿದಳು.
ಒಬ್ಬ ಬಾಲ ಕಚ್ಚಿ ನೋಡಿದ,
ಒಬ್ಬಳು ಲಂಗದೊಳಗೆ ಮುಚ್ಚಿಟ್ಟು ಓಡಿದಳು,
ಬಿಂದು ಮಾತ್ರ ಕೈ ಹಿಂದೆ ಕಟ್ಟಿ ನಿಂತಳು.
ಆಮೇಲೆ ತೆಗೆದುಕೊಂಡಳು, ಒಂದೇ ಕಾಲು ಹಿಡಿದು,
ಸತ್ತ ಇಲಿಯನ್ನು ಹಿಡಿದ ಹಾಗೆ.

ಶೀಜಾ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದಳು:
ಹೋದ ಹಲಸಿನ ಕಾಲ. ಇವಳಪ್ಪ.
ಬೆಳಿಗ್ಗೆ ಹಾಲಿಗೆ ಹೊರಟಿದ್ದ.

ನನಗೆ ಗೊತ್ತಿಲ್ಲದ್ದಲ್ಲ.
ಆ ದಿನ ಅಂಗಡಿ ಬಾಗಿಲು ಹಾಕಿ ರಸ್ತೆ ತಡೆಗೆ ಹೋಗಿದ್ದೆ,
ಮಧ್ಯಾಹ್ನದವರೆಗೆ ಕೂತು, ಬಿಸಿಲೆಂದು ಎದ್ದು ಬಂದಿದ್ದೆ.
ಹನ್ನೆರಡು ಸಂಜೆ ಕಿವಿ ಹೆಣೆಯುವಾಗ
ಒಂದು ಸಲವೂ ನೆನಪಾಗಲಿಲ್ಲ.

ತಿಂಗಳು ಬಿಟ್ಟು ಮತ್ತೆ ಹೋದೆ,
ಚೀಲದಲ್ಲಿ ಒಂದು ಬಿಳಿ ಮೊಲ, ಬದಲಿಗೆ ಕೊಡೋಣವೆಂದು.
ಬಿಂದುವಿನ ಆನೆಗೆ ಕಿವಿಯಿರಲಿಲ್ಲ.
ಹೊಲಿಗೆ ಕಿತ್ತು, ಎಳೆ ಎಳೆಯಾಗಿ ಬಿಚ್ಚಿ
ಆ ಬೂದು ದಾರವನ್ನೇ ಜಡೆಗೆ ಸುತ್ತಿಕೊಂಡಿದ್ದಳು.
"ಯಾಕೆ ಮಗು?"
"ರಾತ್ರಿ ನಾವು ಮಾತಾಡೋದು ಅದಕ್ಕೆ ಕೇಳಬಾರದು."
ತುಸು ತಡೆದು, "ಅಮ್ಮ ಕೆಮ್ಮೋದೂ."

ಮೊಲ ಬೇಡವಂತೆ.
ಆನೆ ಈಗ ಅವರ ಚಾಪೆಯಲ್ಲೇ ಮಲಗುತ್ತದಂತೆ,
ಗೋಡೆಯ ಕಡೆ ಮುಖ ಮಾಡಿ.
ಮೊಲವನ್ನು ಶೀಜಾಳ ಹಾಜರಿ ಪುಸ್ತಕದ ಮೇಲೆ ಕೂರಿಸಿ ಬಂದೆ.

ಈಗ ನಾಲ್ಕನೆಯ ಸ್ವೆಟರು ಬಿಚ್ಚುತ್ತಿದ್ದೇನೆ.
ಪಾಲಿಬೆಟ್ಟದ ಕಡೆಯ ಲೈನಿನಲ್ಲಿ ಒಂಬತ್ತು ಮಕ್ಕಳು.
ಏನು ಬೇಕೆಂದು ಈ ಸಲ ಮೊದಲೇ ಕೇಳಿಸಿದೆ.
ಏಳು ಮಂದಿ ಬಸ್ಸು ಎಂದರು, ಇಬ್ಬರು ಆನೆ.
ಬಸ್ಸಿಗೆ ಚಕ್ರ ಹೆಣೆಯುವುದು ಇನ್ನೂ ಕಲಿಯಬೇಕು.
ಆನೆಗಳೆರಡಕ್ಕೂ ಕಿವಿ ಹಾಕುತ್ತೇನೆ, ಅಗಲವಾಗಿಯೇ.
ಕೊನೆಯ ಗಂಟನ್ನು ಮಾತ್ರ ಬಿಗಿಯುವುದಿಲ್ಲ;
ದಾರದ ತುದಿ ಹೊರಗೆ ಬಿಟ್ಟಿರುತ್ತೇನೆ,
ಪುಟ್ಟ ಬೆರಳಿಗೆ ಸಿಗುವಷ್ಟು.