ಪೊರೆ

ಮೊಣ್ಣಪ್ಪ ಸರ್ ಕಂಪ್ಯೂಟರಿನಲ್ಲಿ
ಮೂರನೇ ಚಿತ್ರ: ಸಾಲಾಗಿ ಆರು ಕಪ್ಪು ಗೆರೆ,
ಇಸ್ತ್ರಿ ಹಾಕಿದ ಕಾಲರಿನಂಥ ಅಂಚು.
ಮೇಲೂ ಏನಿಲ್ಲ, ಕೆಳಗೂ ಏನಿಲ್ಲ.
ಎಷ್ಟು ಚೆಂದ ಅಂದರೆ
ನಾನೇ ಮಾಡಿದ್ದು ಅಂತ ನನಗೇ ಅನ್ನಿಸಲಿಲ್ಲ.

ನಾನು ಮಾಡಿದ್ದು ಬೇರೆ ಥರ ಇತ್ತು.
ಮತ್ತಿಕೆರೆಗೆಲ್ಲ ಕರೆಂಟು ಹೋಗಿ ಬಂದ ಮಂಗಳವಾರ,
ಜೆಲ್ಲು ಅರ್ಧ ದಾರಿಯಲ್ಲಿ ನಿಂತು
ನಗುವ ಬಾಯಿಯ ಹಾಗೆ ಬಾಗಿ ಮತ್ತೆ ಓಡಿತು.
ಪೊರೆಗೆ ಹಾಲು ಕುಡಿಸಿದೆ. ಹೌದು, ಹಾಲೇ,
ಸಂಪಿಗೆ ರಸ್ತೆಯಲ್ಲಿ ತಂದ ಕೆನೆ ತೆಗೆದ ಹಾಲಿನ ಪುಡಿ,
ನೂರಕ್ಕೆ ಐದು ಗ್ರಾಂ, ಒಂದು ಗಂಟೆ,
ತೂಗುವ ತಟ್ಟೆಯ ಮೇಲೆ, ಕೂಸಿನ ಹಾಗೆ.
ಮೊಲದ ಪ್ರತಿಕಾಯ ರಾತ್ರಿಯಿಡೀ, ನಾಲ್ಕು ಡಿಗ್ರಿಯಲ್ಲಿ,
ಸಾವಿರಕ್ಕೊಂದು ಪಾಲು.
ಹಳೇ ಸೀಸೆ ಮುಗಿದು ಹೊಸದು ತೆರೆದಿದ್ದೆ; ಲಾಟ್ ನಂಬರ್ ಬದಲಾಗಿತ್ತು.
ಎಲ್ಲ ಪುಸ್ತಕದಲ್ಲಿದೆ, ನೀಲಿ ಇಂಕಿನಲ್ಲಿ.
ಪೇಪರಿನಲ್ಲಿ ಇದಕ್ಕೆಲ್ಲ ಒಂದೇ ಸಾಲು:
‘ಎಂದಿನ ವಿಧಾನದಂತೆ.’

ಎಂದಿನ!
ಇಪ್ಪತ್ತೆರಡು ವರ್ಷದಲ್ಲಿ ಎರಡು ದಿನ ಒಂದೇ ಥರ ಇದ್ದದ್ದು
ನಾನಂತೂ ಕಾಣೆ.

ಡಾರ್ಕ್ ರೂಮಿನ ಕೆಂಪು ಬಲ್ಬಿನ ಕೆಳಗೆ
ಫಿಲ್ಮು ಮೆಲ್ಲಗೆ ಬಾಯಿಬಿಟ್ಟಾಗ
ನಲವತ್ತೆರಡರ ಹತ್ತಿರ ಗೆರೆ ಬಂತು, ಬರಬೇಕಾದದ್ದೇ.
ಅದರ ಮೇಲೆ, ಐವತ್ತೈದರ ಆಸುಪಾಸಿನಲ್ಲಿ,
ಇನ್ನೊಂದು.
ಕರೆಯದೆ ಬಂದ ನೆಂಟ, ಪಂಕ್ತಿಯ ನಡುವೆಯೇ ಕೂತಿದ್ದಾನೆ.
ಐದನೇ ಓಣಿಯಲ್ಲಂತೂ ಅವನೇ ಹೆಚ್ಚು ಕಪ್ಪು.

ಚಿತ್ರದಲ್ಲಿ ಅವನಿಲ್ಲ.
ಪಕ್ಕದಲ್ಲಿದ್ದ ಅಳತೆಯ ಏಣಿಯೂ ಇಲ್ಲ.

ನಮ್ಮಮ್ಮ ಎಂಟನೇ ಕ್ರಾಸಿನಲ್ಲಿ ಹೂ ಮಾರುತ್ತಿದ್ದಳು,
ಮೊಳದ ಲೆಕ್ಕ.
‘ನಿನ್ನ ಮೊಳ ಗಿಡ್ಡ’ ಅಂತ ಯಾರಾದರೂ ಅಂದರೆ
ಸೆರಗು ಸರಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ
ಕೈ ಚಾಚಿ ತೋರಿಸುವಳು:
‘ಇದೇ ಮೊಳ. ನೋಡ್ಕೊ, ಬೇಕಾದ್ರೆ ತಗೊ.’
ಕೈ ಗಿಡ್ಡವೇ ಇತ್ತು.
ಬಚ್ಚಿಡಲಿಲ್ಲ, ಅಷ್ಟೇ.

ಆಮೇಲೆ ಪತ್ರಿಕೆಯವರಿಂದ ಮೇಲ್ ಬಂತು.
ಕತ್ತರಿಸದ ಚಿತ್ರ ಕಳಿಸಿ, ಪೂರ್ತಿ ಪೊರೆ, ಅಂಚು ಸಮೇತ.
ಎಷ್ಟು ಸಲ ಮಾಡಿದಿರಿ? ಯಾವ ಪ್ರತಿಕಾಯ, ಯಾವ ಲಾಟು?
ಮೊಣ್ಣಪ್ಪ ಸರ್ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಒರೆಸಿದರು.
ಶಿವಲೀಲಾ ಬಿರಾದಾರ, ಐದನೇ ವರ್ಷದ ಹುಡುಗಿ,
ನನ್ನ ಬೆಂಚಿನ ಹತ್ತಿರ ಬಂದು ನಿಂತಳು.
‘ಮೂರು ಸಲ ಅಂತ ಬರ್ದೀನಿ, ಅಕ್ಕಾ.’
‘ಎರಡು,’ ಅಂದೆ. ‘ಮೂರನೆಯದರಲ್ಲಿ ಏನೂ ಬರಲೇ ಇಲ್ಲ.’
‘ಸುಳ್ಳು ಹೇಳಬೇಕಂತ ಮಾಡಿಲ್ರಿ. ಎಲ್ಲಾರೂ ಹಂಗ ಹಾಕ್ತಾರ.’
ಗೊತ್ತು.
ಕತ್ತರಿ ಆಡಿದ ಸಂಜೆ
ನಾನು ಅಲ್ಲೇ ಇದ್ದೆ. ಟೀ ತರುತ್ತೇನೆ ಅಂತ ಎದ್ದು ಹೋದೆ.

ಬೀರುವಿನಿಂದ ಏಳನೇ ಪುಸ್ತಕ,
ಅದರೊಳಗೆ ಕಂದು ಲಕೋಟೆ, ಲಕೋಟೆಯಲ್ಲಿ ಫಿಲ್ಮು.
ಕಿಟಕಿಗೆ ಹಿಡಿದೆವು.
ನನ್ನ ಹೆಬ್ಬೆರಳ ಗುರುತು, ಒಂದು ಗಾಳಿಗುಳ್ಳೆ,
ಬಾಗಿದ ನಗು, ಏಣಿಯ ಮೆಟ್ಟಿಲು, ಆ ನೆಂಟ,
ಅವರೆಲ್ಲರ ಹಿಂದೆ ಮೆಟ್ರೋ ಕಂಬಗಳು.

ಕಣ್ಣಿಗೆ ಕವಿದರೂ ಪೊರೆ,
ಹಾವು ಕಳಚಿ ಹೋದರೂ ಪೊರೆ,
ಅಮ್ಮ ದೀಪ ಹಚ್ಚಿ ಬೇಡುತ್ತಿದ್ದದ್ದೂ ಅದೇ ಮಾತು: ಪೊರೆ, ತಾಯಿ.
ಶಿವಲೀಲಾಗೆ ಇದನ್ನೆಲ್ಲ ಹೇಳಲಿಲ್ಲ.
ಸ್ಕ್ಯಾನರ್ ಬಿಸಿಯಾಗಬೇಕಿತ್ತು.

ರಾತ್ರಿ ಒಂಬತ್ತಕ್ಕೆ ಕಳಿಸಿದೆವು.
ಐವತ್ತೈದರ ಗೆರೆಯ ಎದುರು ಸರ್ ಏನೇನೋ ಬರೆದು, ಅಳಿಸಿ,
ಕೊನೆಗೆ ಉಳಿಸಿದ್ದು ಇಷ್ಟು:
‘ಇದು ಏನೆಂದು ನಮಗೆ ತಿಳಿಯದು.’

ಉತ್ತರ ಇನ್ನೂ ಬಂದಿಲ್ಲ.
ಇವತ್ತು ಮೂರನೆಯದನ್ನು ಮತ್ತೆ ಮಾಡುತ್ತಿದ್ದೇವೆ.
ಹಾಲಿನ ಪುಡಿ ತೂಗುತ್ತಿದ್ದೇನೆ,
ಕಂಪನಿ ಬೇರೆ.
ಬರೆದುಕೊಂಡೆ.