ಹನ್ನೊಂದನೆಯ ಹಂತ

ಶನಿವಾರದ ಕೊನೆಯ ಪಿರಿಯಡ್ಡು.
ವೇಳಾಪಟ್ಟಿಯಲ್ಲಿ ‘ಐಚ್ಛಿಕ: ಬರವಣಿಗೆ’ ಎಂದಿದೆ,
ಅದರ ಮುಂದೆ ನನ್ನ ಹೆಸರಿನ ಮೊದಲೆರಡು ಅಕ್ಷರ.
ಕನ್ನಡದ ಮೇಡಮ್ಮಿಗೆ ಹೆರಿಗೆ ರಜೆ,
ಇಂಗ್ಲಿಷಿನವರು ಮತದಾರರ ಪಟ್ಟಿ ತಿದ್ದಲು ಹೋಗಿದ್ದಾರೆ.
ಉಳಿದವನು ನಾನು, ಗಣಿತದವನು.
“ಬೀಜಗಣಿತದಾಗೂ ಅಕ್ಷರ ಇರ್ತಾವಲ್ರಿ” ಎಂದು ನಕ್ಕು
ಹೆಡ್‌ಮಾಸ್ತರರು ಸಹಿ ಹಾಕಿಬಿಟ್ಟರು.

ಬೆಟಗೇರಿಯ ಈ ಕೋಣೆಗೆ ಕಿಟಕಿ ಮೂರು.
ಒಂದರಿಂದ ಪವರ್‌ಲೂಮಿನ ಸದ್ದು,
ಒಂದರಿಂದ ಮಿರ್ಚಿ ಕರಿಯುವ ಎಣ್ಣೆಯ ಘಾಟು,
ಮೂರನೆಯದು ತೆರೆಯುವುದಿಲ್ಲ.
ಏಳು ಮಕ್ಕಳು. ಚಿತ್ರಕಲೆಯಲ್ಲಿ ಜಾಗ ಸಿಗದೆ
ಇಲ್ಲಿಗೆ ಬಂದವರೇ ನಾಲ್ವರು.

ಅಂಕಪಟ್ಟಿಯಲ್ಲಿ ಎರಡು ಮನೆ ಕೊರೆದಿದ್ದಾರೆ:
ವಿವರಣೆಗೆ ಇಪ್ಪತ್ತೈದು, ಕಲ್ಪನೆಗೆ ಇಪ್ಪತ್ತೈದು.
ನನಗೆ ಗೊತ್ತಿದ್ದುದು ಮೊದಲನೆಯದು ಮಾತ್ರ.
“ನಿಮ್ಮ ಮನ್ಯಾಗ ಮಾಡೂ ಒಂದು ಕೆಲಸ ಬರೀರಿ, ಹಂತ ಹಂತವಾಗಿ.
ಗೊತ್ತಿಲ್ಲದವ ಓದಿ ಮಾಡುವಂಗಿರಬೇಕು.
ಸುಂದರ, ಮನೋಹರ ಇಂಥಾವು ಬ್ಯಾಡ.”

ವಿಠ್ಠಲಸಾ ಬಾಕಳೆ ಬರೆದ, ಮೊಬೈಲು ಚಾರ್ಜು ಮಾಡುವ ಬಗೆ.
ಎರಡೇ ಹಂತ. ಎರಡನೆಯದು: ಕಾಯುವುದು.
ನೀಲವ್ವ ಮಗ್ಗದಲ್ಲಿ ಹರಿದ ಎಳೆ ಸೇರಿಸುವುದನ್ನು ಬರೆಯುತ್ತ
ಗಂಟಿನ ಬಳಿ ಬಂದಾಗ ಮಾತು ಸಾಲದೆ
ಜಡೆಯ ರಿಬ್ಬನ್ನು ಬಿಚ್ಚಿ ತೋರಿಸಿದಳು.
ಮೆಹಜಬೀನ ನದಾಫ ಬರೆದದ್ದು ಹಳೆ ಗಾದಿ ಹೊಸದು ಮಾಡುವುದು,
ಇರುವೆ ಸಾಲಿನಂಥ ಕೈಬರಹದಲ್ಲಿ.

ಒಂದು. ಗಾದಿಯನ್ನು ಬಿಸಿಲಿಗೆ ಹಾಕುವುದು.
ಯಾರದೆಂದು ಕೇಳಬಾರದು, ಅವರೇ ಹೇಳುತ್ತಾರೆ.
ಎರಡು. ಕಾಲಿನ ಕಡೆಯಿಂದ ಹೊಲಿಗೆ ಬಿಚ್ಚುವುದು.
ಮೂರು. ಮೂಗಿಗೆ ಬಟ್ಟೆ.
ನಾಲ್ಕು. ಗಂಟಾದ ಹತ್ತಿಯನ್ನು ಕೈಯಿಂದ ಬಿಡಿಸುವುದು.
ಒಳಗೆ ಸಿಕ್ಕಿದ ಹೇರ್‌ಪಿನ್ನು, ನಾಣ್ಯ, ಒಮ್ಮೆ ಒಂದು ಹಲ್ಲು,
ಡಬ್ಬಿಯಲ್ಲಿಟ್ಟು ಗಾದಿಯ ಜೊತೆ ವಾಪಸು ಕೊಡುವುದು.
ಐದು. ಮಷೀನಿನಲ್ಲಿ ಹಿಂಜುವುದು.
ಅಜ್ಜನ ಬಿಲ್ಲು ಗೋಡೆಯ ಮೇಲಿದೆ,
ಅದನ್ನು ಈ ಹಂತದಲ್ಲಿ ಬಳಸುವುದಿಲ್ಲ.

ಕೆಂಪು ಪೆನ್ನು ಎತ್ತಿದೆ.
ಆ ಕೊನೆಯ ಸಾಲಿಗೆ ‘ಅನಗತ್ಯ’ ಎಂದು ಬರೆಯಬೇಕಿತ್ತು.
‘ಅ’ ಬರೆದೆ. ಅಷ್ಟಕ್ಕೇ ಬಿಟ್ಟೆ.

ಸಾಧಿಸದೆ ಏನನ್ನೂ ಒಪ್ಪಬೇಡಿ,
ಇಪ್ಪತ್ತೆರಡು ವರ್ಷ ಹಲಗೆಯ ಮುಂದೆ ನಿಂತು ಹೇಳಿದವನು ನಾನೇ.
ಭಾನುವಾರ ನಮ್ಮ ಗಾದಿಯನ್ನು ಮಾಳಿಗೆಗೆ ಹೊತ್ತೆ.
“ಹುಚ್ಚು ಹಿಡದೈತೇನ್ರಿ ನಿಮಗ?” ಎಂದಳು ಹೆಂಡತಿ,
ಆಮೇಲೆ ಮೂಗಿಗೆ ಸೆರಗು ಕಟ್ಟಿಕೊಂಡು ತಾನೂ ಕುಳಿತಳು.
ನಾಲ್ಕನೆಯ ಹಂತದಲ್ಲಿ ಒಂದು ನೀಲಿ ಗುಂಡಿ ಸಿಕ್ಕಿತು.
ನನ್ನದಲ್ಲ ಎಂದೆ. ನನ್ನದೂ ಅಲ್ಲ ಎಂದಳು.
ಡಬ್ಬಿಯಲ್ಲಿಟ್ಟೆವು.
ಐದಕ್ಕೆ ಮಷೀನಿಲ್ಲ; ಕೋಲಿನಿಂದ ಬಡಿದೆ.
ಪಕ್ಕದ ಮನೆಯ ಒಣಮೆಣಸಿನಕಾಯಿಯ ಮೇಲೆಲ್ಲ ಹತ್ತಿ ಕೂತು
ಸಂಜೆಯವರೆಗೆ ಬೈಸಿಕೊಂಡೆ.

ಹತ್ತು. ಮೂರು ಬದಿ ಹೊಲಿದು, ಹತ್ತಿ ತುಂಬಿ, ಸಮ ಮಾಡುವುದು.
ಹಾಳೆ ತಿರುವಿದೆ. ಹಿಂದೆ ಏನೂ ಇರಲಿಲ್ಲ.

“ಮೆಹಜಬೀನ, ನಾಕನೇ ಬದಿ?”
“ಅದನ್ನ ಅಜ್ಜ ಹೊಲೀತಾನ್ರಿ ಸರ, ಹತ್ತಕ್ಕ.
ಅಷ್ಟೊತ್ತಿಗೆ ನಾ ಇಲ್ಲೆ ಪ್ರಾರ್ಥನಾಕ್ಕ ನಿಂತಿರ್ತೇನ್ರಿ.
ನೋಡಲಾರದ್ದು ಹೆಂಗ ಬರೀಲಿರಿ?”
“ಕಲ್ಪನಾ ಮಾಡಲೇ,” ಹಿಂದಿನ ಬೆಂಚಿನಿಂದ ನೀಲವ್ವ,
“ಅದಕ್ಕೂ ಇಪ್ಪತ್ತೈದು ಅದಾವು!”
ಎಲ್ಲರೂ ನಕ್ಕರು. ಮೆಹಜಬೀನ ನಗಲಿಲ್ಲ.
“ಗಾದಿ ಬಿಚ್ಚಿದ್ರ?” ಎಂದಳು.

ಎರಡು ಮನೆಗಳ ನಡುವಿನ ಗೆರೆಯ ಮೇಲೆ ಅಂಕ ಬರೆದೆ.
ಆಫೀಸಿನಿಂದ ತಿದ್ದಲು ವಾಪಸು ಬಂದಿದೆ.
ನಾಲ್ಕನೆಯ ಬದಿಗೆ ಹೆಂಡತಿ ಆರು ಪಿನ್ನು ಹಾಕಿದ್ದಾಳೆ,
ಮಗ್ಗುಲಾದರೆ ಒಂದಾದರೂ ಚುಚ್ಚುತ್ತದೆ.

ಸೋಮವಾರ ಮೆಹಜಬೀನ ತಡವಾಗಿ ಬರಬಹುದು ಎಂದು
ಚೀಟಿ ಬರೆದುಕೊಟ್ಟೆ.
‘ಕಾರಣ’ ಎಂಬಲ್ಲಿ ಪೆನ್ನು ನಿಂತಿತು.
‘ಮನೆಗೆಲಸ’ ಎಂದು ಬರೆದೆ. ಸುಳ್ಳು ಅನ್ನಿಸಿ ಹೊಡೆದೆ.
‘ಅಧ್ಯಯನ’. ಅದನ್ನೂ ಹೊಡೆದೆ.
ಅವಳು ಕಾಯುತ್ತ ನಿಂತಿದ್ದಳು,
ತೆರೆಯದ ಕಿಟಕಿಗೆ ಬೆನ್ನು ಕೊಟ್ಟು.