ಕಸರು

ನಮ್ಮಪ್ಪ ಪಾಯಪ್ಪ ಬೋಗಾರ
ತೂಗುವ ಮೊದಲು ಕೇಳಿಸಿಕೊಳ್ಳುತ್ತಿದ್ದ.
ಬೆರಳ ಗೆಣ್ಣಿನಿಂದ ಒಂದೇ ಏಟು:
ಉದ್ದಕ್ಕೆ ದನಿ ಎಳೆದರೆ ಕಂಚು,
ಮೂಗಿನಲ್ಲಿ ಅಂದರೆ ಹಿತ್ತಾಳೆ,
ಸುಮ್ಮನಿದ್ದರೆ ಒಳಗೆ ಮೋಸ.

ಮೋಸ ಇರುತ್ತಿದ್ದದ್ದು ಪ್ರಾಣಿಗಳಲ್ಲಿ.

ಅಕ್ಕಲಕೋಟೆಯ ಹಳೇ ಪೇಟೆ. ಬೋರ್ಡು ಮರಾಠಿ,
ಚೌಕಾಸಿ ಕನ್ನಡ, ತಕ್ಕಡಿ ಎರಡಕ್ಕೂ ಕಿವುಡು.
ಸ್ಟೀಲು ಬಂದಿದ್ದ ವರ್ಷಗಳು ಅವು.
ಮೈಂದರ್ಗಿಯಿಂದ, ತಡವಳದಿಂದ, ನಾಗಣಸೂರಿನಿಂದ
ಗೋಣಿಚೀಲದಲ್ಲಿ ಇಳಿಯುತ್ತಿದ್ದವು
ಗಿಂಡಿಯ ಮೂತಿಗೆ ಬಾಯ್ದೆರೆದ ಯಾಳಿ,
ಕೊಪ್ಪರಿಗೆಯ ಕಿವಿಗೆ ಬಾಲ ಕಚ್ಚಿಕೊಂಡ ಎರಡು ಮೀನು,
ಮುಚ್ಚಳದ ತುದಿಗೊಂದು ಹಕ್ಕಿ,
ಎಷ್ಟು ತಲೆಮಾರಿನ ಹೆಬ್ಬೆಟ್ಟು ಸವರಿತ್ತೋ,
ಗಿಳಿ ಅನ್ನಲೂ ಆಗದು, ನವಿಲು ಅನ್ನಲೂ ಆಗದು.

‘ಬಹಮನಿ ಕಾಲದ್ದಿರಬೇಕು’ ಅಂದರು ಒಮ್ಮೆ ಮಾಸ್ತರರು.
ಅಪ್ಪ ನಕ್ಕ: ‘ಕಾಲಕ್ಕೂ ತೂಕ ಇಲ್ರಿ ಸರ.
ಕುತ್ತಿಗ್ಯಾಗ ಸೀಸ, ಹೊಟ್ಟ್ಯಾಗ ಮಣ್ಣು.
ಮಣ್ಣಿಗೆ ನಾ ಯಾಕ ರೊಕ್ಕ ಕೊಡ್ಲಿ?’
ಉಳಿ ಇಟ್ಟ. ಸುತ್ತಿಗೆ ಎತ್ತಿದ.
ಉದುರಿದ್ದಕ್ಕೆ ನಮ್ಮಲ್ಲಿ ಕಸರು ಅಂತಾರೆ.
ಪಾತ್ರೆ ಸೋಲಾಪುರದ ಭಟ್ಟಿಗೆ,
ಕಸರು ನನ್ನ ಡಾಲ್ಡಾ ಡಬ್ಬಿಗೆ.

ನನಗೆ ಆಗ ಒಂಬತ್ತು.
ಯಾಳಿಗೆ ನೀರು ಕುಡಿಸುತ್ತಿದ್ದೆ.
ಜೀವಮಾನವೆಲ್ಲ ಬೇರೆಯವರಿಗೆ ಸುರಿದ ಬಾಯಿ ಅದು,
ಎಷ್ಟು ಹಾಕಿದರೂ ಕುತ್ತಿಗೆಯಿಂದ ಸೋರಿ
ನನ್ನ ಲಂಗ ತೊಯ್ಯುತ್ತಿತ್ತು.

ನಾಗಣಸೂರಿನ ನಿಂಬೆವ್ವ ಒಬ್ಬಳೇ ಉಳಿಗೆ ಕೈ ಅಡ್ಡ ಹಿಡಿದವಳು.
‘ಕುದರಿ ಬಿಡ್ರಿ ಅಣ್ಣಾರ. ಅದರ ಜುಟ್ಟ ಹಿಡದ
ನಮ್ಮತ್ತಿ ಎಣ್ಣಿ ಬಗ್ಗಸ್ತಿದ್ಳು.’
‘ಹಂಗಾದ್ರ ಗಿಂಡಿನೂ ಒಯ್ಯಿ.’
ಅವಳು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಳು.
ಹೊರಗೆ ಎಮ್ಮೆಯೊಂದು ಹಾದುಹೋಯಿತು.
ಕೊನೆಗೆ ಗಿಂಡಿ ಮಾರಿದಳು,
ಕುದುರೆಯನ್ನು ಸೆರಗಿಗೆ ಗಂಟು ಹಾಕಿಕೊಂಡು
ನಡೆದಳು.

ಅಪ್ಪ ಹೋದ ಮೇಲೆ ಗಲ್ಲೆಯಲ್ಲಿ ನಾನು ಕೂತೆ.
ಮೊನ್ನೆ ಡಬ್ಬಿ ಸರಿಸುವಾಗ
ದೀಪದ ಕಾಲಿನ ಆನೆ ಬಿದ್ದು ಎರಡಾಯಿತು.
ಒಳಗೆ ಮಣ್ಣು. ಅಪ್ಪ ಹೇಳಿದ್ದು ಸುಳ್ಳಲ್ಲ.
ಸುಟ್ಟು ಕಪ್ಪಾದ ಎರೆಮಣ್ಣು,
ಗಿರಾಕಿಗಳ ಚಪ್ಪಲಿಗೆ ಮೆತ್ತಿ ಬರುವುದೇ ಇದು.
ಜೋಳದ ಹೊಟ್ಟು ಉರಿದುಹೋಗಿ
ಹೊಟ್ಟಿನ ಆಕಾರದ ತೂತು ಉಳಿದಿವೆ.
ಒಂದು ಕಡೆ, ಮೇಣ ಬಳಿಯುವ ಮುಂಚೆ ಯಾರೋ ಒತ್ತಿದ ಬೆರಳು.
ನನ್ನ ಕಿರುಬೆರಳು ಅದರಲ್ಲಿ ಹಿಡಿಸಲಿಲ್ಲ.
ಎರಕದ ಮನೆಯಲ್ಲೂ
ಒಂಬತ್ತರವರು ಇದ್ದರೇನೋ.

ಆ ಆನೆಯನ್ನು ತಕ್ಕಡಿಗೆ ಹಾಕಲಿಲ್ಲ.

ಈ ಸೋಮವಾರ ಒಬ್ಬ ಹುಡುಗಿ ಬಂದಳು,
ಕಾಲೇಜಿನ ಬ್ಯಾಗು, ಕರವಸ್ತ್ರದಲ್ಲಿ ಗಂಟು.
ಬಿಚ್ಚಿದರೆ ಜುಟ್ಟು ಸವೆದ ಕುದುರೆ.
‘ನಿಂಬೆವ್ವ ಏನಾಗಬೇಕು?’
‘ನಮ್ಮಜ್ಜಿ.’ ಆಮೇಲೆ ನಾಚುತ್ತ,
‘ಇದಕ್ಕೊಂದು ಗಿಂಡಿ ಸಿಗತದೇನ್ರಿ?’

ಕಪಾಟು ತೆರೆದೆ. ಎಲ್ಲ ಸ್ಟೀಲು.
ಬೆಸುಗೆ ಹತ್ತುವುದಿಲ್ಲ ಅಂದೆ, ಹಿತ್ತಾಳೆಗೂ ಸ್ಟೀಲಿಗೂ ಆಗಿಬರುವುದಿಲ್ಲ.
ಅವಳು ಏಳಲಿಲ್ಲ.
ಒಂದು ಎಣ್ಣೆ ಡಬ್ಬಿ ಇಳಿಸಿ
ತಂತಿ ಸುತ್ತಿ, ಇಕ್ಕಳದಿಂದ ತಿರುವಿ ಬಿಗಿದೆ.

ಕುದುರೆ ಸ್ವಲ್ಪ ಎಡಕ್ಕೆ ವಾಲಿದೆ.
ಹುಡುಗಿ ಜುಟ್ಟು ಹಿಡಿದು ಬಗ್ಗಿಸಿ ನೋಡಿದಳು,
ಖಾಲಿ ಡಬ್ಬಿಯನ್ನೇ,
ಎರಡು ಸಲ.